ಸೂಜಿ ಚುಚ್ಚಿದ ಮೇಲಿನ ಕೆಲಸ

ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಾಗಲಿ, ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಾಗಲಿ, ವಾರ್ಡಿನ ಉದ್ದಕ್ಕೂ ಒಮ್ಮೆ ನಡೆದು ಹೋದರೆ ಸಾಲು ಮಂಚಗಳ ಮೇಲೆ ಕಾಣುವುದು ಪ್ಲಾಸ್ಟರ್ ಅಂಟಿಸಿದ ಮುಂಗೈಗಳು. ಒಂದರ ಮೇಲೆ ಬಿಳಿ ಪಟ್ಟಿ ಕತ್ತರಿಯಾಕಾರದಲ್ಲಿ ಹಾಯ್ದಿರುತ್ತದೆ. ಇನ್ನೊಂದರ ಮೇಲೆ ಮೂರು ಪಟ್ಟಿ ಏಣಿಯ ಮೆಟ್ಟಿಲಿನಂತೆ ಕೂತಿರುತ್ತವೆ. ಪಕ್ಕದ ಮಗುವಿನ ಕೈಗೆ ಔಷಧದ ಡಬ್ಬದ ರಟ್ಟನ್ನೇ ಹಲಗೆ ಮಾಡಿ, ಬೆರಳ ತುದಿಯಷ್ಟೇ ಹೊರಗೆ ಕಾಣುವಂತೆ ಸುತ್ತಲಾಗಿರುತ್ತದೆ. ಪ್ಲಾಸ್ಟರ್ ಅಂಟಿಸುವುದು ಹೆಚ್ಚುಕಡಿಮೆ ಕೈಬರಹವಿದ್ದಂತೆ. ಬಹಳ ದಿನ ಒಟ್ಟಿಗೆ ಕೆಲಸ ಮಾಡಿದ ಸಿಸ್ಟರುಗಳು ಪಟ್ಟಿ ನೋಡಿಯೇ ಇದು ಯಾರ ಕೈಕೆಲಸ ಎಂದು ಊಹಿಸಬಲ್ಲರು.

ಸೂಜಿ ಚುಚ್ಚುವುದನ್ನು ನಾವೆಲ್ಲ ದೊಡ್ಡ ವಿದ್ಯೆ ಎಂದು ಭಾವಿಸುತ್ತೇವೆ. 'ಆ ಸಿಸ್ಟರ್ ಕೈ ಹಗುರ, ಒಂದೇ ಸಲಕ್ಕೆ ನರ ಹಿಡಿದರು' ಎಂದು ಊರಿಗೆ ಹೋಗಿ ಹೇಳುತ್ತೇವೆ. (ಆಡುಮಾತಿನಲ್ಲಿ ನಾವು 'ನರ' ಎನ್ನುವುದು ಶಾಸ್ತ್ರದ ನರವಲ್ಲ, ರಕ್ತ ಹೊತ್ತೊಯ್ಯುವ ಸಿರೆ. ಆದರೆ ವಾರ್ಡಿನಲ್ಲಿ ಸಿರೆ ಎಂದರೆ ಯಾರಿಗೂ ಅರ್ಥವಾಗದು.) ಚುಚ್ಚಿದ್ದನ್ನು ಮೂರು ದಿನ ಅಲ್ಲಿಯೇ ನಿಲ್ಲಿಸುವುದು ಇನ್ನೊಂದು ವಿದ್ಯೆ. ಅದನ್ನು ಯಾರೂ ಹೊಗಳುವುದಿಲ್ಲ. ಕಿತ್ತು ಬಂದಾಗ ಮಾತ್ರ ಎಲ್ಲರೂ ಗಮನಿಸುತ್ತಾರೆ. ಈ ವಿದ್ಯೆಗೂ ಎರಡು ಶತಮಾನಗಳ ಕಥೆಯಿದೆ. ಆ ಕಥೆ ಶುರುವಾಗುವುದೇ ನಮ್ಮ ದೇಶದಿಂದ ಹೊರಟ ಒಂದು ಕಾಯಿಲೆಯಿಂದ.

1817ರಲ್ಲಿ ಬಂಗಾಳದಲ್ಲಿ ಭುಗಿಲೆದ್ದ ಕಾಲರಾ ಊರೂರು ದಾಟಿ 1831ರ ಹೊತ್ತಿಗೆ ಇಂಗ್ಲೆಂಡ್ ಮುಟ್ಟಿತು. ಅಲ್ಲಿನ ವೈದ್ಯರಿಗೆ ಗೊತ್ತಿದ್ದ ಚಿಕಿತ್ಸೆ ಎಂದರೆ ರೋಗಿಯ ರಕ್ತ ತೆಗೆಯುವುದು. ವಾಂತಿಭೇದಿಯಿಂದ ಮೊದಲೇ ಬತ್ತಿಹೋದವನ ಮೈಯಿಂದ ಇನ್ನಷ್ಟು ರಕ್ತ! ಇಪ್ಪತ್ತೆರಡರ ಆಸುಪಾಸಿನ ಐರಿಷ್ ತರುಣ ವಿಲಿಯಂ ಬ್ರೂಕ್ ಒಷಾನೆಸಿ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಉಪ್ಪೂ ಕಡಿಮೆಯಾಗಿವೆ, ಅವನ್ನು ಮರಳಿ ತುಂಬಬೇಕು ಎಂದು ಬರೆದ. ಅದನ್ನು ಮಾಡಿ ತೋರಿಸಿದವನು ಸ್ಕಾಟ್ಲೆಂಡಿನ ಲೀತ್ ಬಂದರಿನ ವೈದ್ಯ ಥಾಮಸ್ ಲಟ್ಟಾ. 1832ರಲ್ಲಿ ಆತ ಸಾವಿನಂಚಿನಲ್ಲಿದ್ದ ಒಬ್ಬ ಮುದುಕಿಯ ತೋಳಿನ ಸಿರೆಗೆ ಸಣ್ಣ ಬೆಳ್ಳಿಯ ಕೊಳವೆ ಇಳಿಸಿ, ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಹರಿಸಿದ. ಅರ್ಧ ಗಂಟೆಯಲ್ಲಿ ಆರು ಪಿಂಟು, ಅಂದರೆ ಮೂರು ಲೀಟರಿಗೂ ಮಿಕ್ಕಿ. ಕುಳಿಬಿದ್ದ ಕಣ್ಣು ತೆರೆಯಿತು, ತಣ್ಣಗಾಗಿದ್ದ ಕೈಕಾಲು ಬೆಚ್ಚಗಾದವು, ಮುದುಕಿ ಗಟ್ಟಿ ದನಿಯಲ್ಲಿ ಮಾತಾಡಿದಳು. ಲಟ್ಟಾ ಆಕೆಯನ್ನು ಆಸ್ಪತ್ರೆಯ ಶಸ್ತ್ರವೈದ್ಯನಿಗೆ ಒಪ್ಪಿಸಿ ಹೊರಟ. ವಾಂತಿಭೇದಿ ಮರುಕಳಿಸಿತು. ಮತ್ತೆ ನೀರು ಕೊಡಲಿಲ್ಲ. ಐದಾರು ಗಂಟೆಗಳಲ್ಲಿ ಆಕೆ ತೀರಿಕೊಂಡಳು.

ವೈದ್ಯಕೀಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಮೊದಲರ್ಧವನ್ನು ಹಿಗ್ಗಿನಿಂದ ಹೇಳಿ ಮುಂದೆ ಹೋಗುತ್ತಾರೆ. ಕೊನೆಯ ಭಾಗವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಸಿರೆಗೆ ದಾರಿ ಮಾಡಿದ್ದಾಯಿತು, ಆದರೆ ಆ ದಾರಿಯನ್ನು ತೆರೆದಿಟ್ಟುಕೊಂಡು ಪಕ್ಕದಲ್ಲಿ ಕಾಯುವವರು ಇರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನಲ್ಲಿ ದಾದಿಯರ ಶಾಲೆ ತೆರೆಯಲು ಇನ್ನೂ 28 ವರ್ಷ ಬಾಕಿಯಿತ್ತು. ಲಟ್ಟಾ ಮರುವರ್ಷವೇ ತೀರಿಕೊಂಡ. ಅವನ ಉಪಾಯವನ್ನು ಜಗತ್ತು ಹಲವು ದಶಕ ಮರೆತೇ ಬಿಟ್ಟಿತು. ಒಷಾನೆಸಿ 1833ರಲ್ಲಿ ಕಂಪನಿಯ ನೌಕರಿಗೆಂದು ಕಲ್ಕತ್ತೆಗೆ ಬಂದು, ಮುಂದೆ ಇದೇ ದೇಶದಲ್ಲಿ ತಂತಿ ಎಳೆಸಿದ. ಅವನನ್ನು ನೆನೆಯುವವರು ಇಂದಿಗೂ ತಂತಿ ಇಲಾಖೆಯ ನೆಪದಲ್ಲೇ ಹೆಚ್ಚು ನೆನೆಯುತ್ತಾರೆ.

ಕಲ್ಕತ್ತೆಯಲ್ಲಿಯೇ ಲಿಯೊನಾರ್ಡ್ ರೋಜರ್ಸ್ ಎಂಬ ವೈದ್ಯ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸಿರೆಗೆ ಗಾಢ ಉಪ್ಪುನೀರು ಹರಿಸಿ, ಕಾಲರಾ ಸಾವುಗಳನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದದ್ದೂ ಇದೇ ಕಾಲದಲ್ಲಿ. ನಮ್ಮ ಜನಕ್ಕೆ ಅದು ಇಂದಿಗೂ 'ಮಿಷನ್ ಆಸ್ಪತ್ರೆ'ಯೇ. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂತು. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಕಡೆಯವರಿಗೆ 'ದೊಡ್ಡಾಸ್ಪತ್ರೆ' ಎಂದರೆ ಮೈಸೂರಿನದೇ ಎಂಬ ರೂಢಿ ಬಹಳ ಹಳೆಯದು.

ಆ ಕಾಲದ ಸೂಜಿ ಉಕ್ಕಿನದು. ಕುದಿಸಿ, ಕಲ್ಲಿಗೆ ಉಜ್ಜಿ ಹರಿತ ಮಾಡಿ, ಮತ್ತೆ ಮತ್ತೆ ಬಳಸುತ್ತಿದ್ದರು. ಬಾಟಲಿ ಗಾಜಿನದು, ಕೊಳವೆ ರಬ್ಬರಿನದು. ಉಕ್ಕಿಗೆ ಬಾಗುವುದು ತಿಳಿಯದು. ರೋಗಿ ಮೊಣಕೈ ಮಡಚಿದರೆ ಸೂಜಿಯ ತುದಿ ಸಿರೆಯ ಆಚೆ ಗೋಡೆಯನ್ನು ಹರಿದುಕೊಂಡು ಹೊರಬೀಳುತ್ತಿತ್ತು. ಆದ್ದರಿಂದ ಸೂಜಿ ನಿಲ್ಲಿಸಲು ಇದ್ದ ಉಪಾಯ ಒಂದೇ, ಕೈಯನ್ನೇ ನಿಲ್ಲಿಸುವುದು. ತೋಳಿನಡಿಗೆ ಬಟ್ಟೆ ಸುತ್ತಿದ ಮರದ ಹಲಗೆ ಇಟ್ಟು ಬ್ಯಾಂಡೇಜಿನಿಂದ ಬಿಗಿಯುತ್ತಿದ್ದರು. ಜ್ವರದಲ್ಲಿ ಕನವರಿಸುವವನ ಕೈಯನ್ನು ಮಂಚಕ್ಕೇ ಕಟ್ಟುವುದೂ ಇತ್ತು. ಸಿರೆ ಸಿಗದಷ್ಟು ಬತ್ತಿದವರಿಗೆ ಪಾದದ ಬಳಿ ಚರ್ಮ ಕೊಯ್ದು, ಸಿರೆ ಎತ್ತಿ, ಕೊಳವೆ ಇಳಿಸಿ ರೇಷ್ಮೆ ದಾರದಲ್ಲಿ ಗಂಟು ಹಾಕುತ್ತಿದ್ದರು. ಅದಕ್ಕೆ 'ಕಟ್‌ಡೌನ್' ಎಂದು ಹೆಸರು. ಅದು ಗಟ್ಟಿಯೇನೋ ಹೌದು, ಆದರೆ ಆ ಸಿರೆ ಆಮೇಲೆ ಕೆಲಸಕ್ಕೆ ಬರುತ್ತಿರಲಿಲ್ಲ.

ಎರಡು ವಸ್ತುಗಳು ಈ ಚಿತ್ರವನ್ನು ಬದಲಿಸಿದವು. ಒಂದು ಅಂಟುವ ಪ್ಲಾಸ್ಟರ್. ಹ್ಯಾಂಬರ್ಗಿನ ಔಷಧ ವ್ಯಾಪಾರಿ ಪಾಲ್ ಬೈಯರ್ಸ್‌ಡಾರ್ಫ್ 1882ರಲ್ಲಿ ಅಂಟುಪಟ್ಟಿಗೆ ಪೇಟೆಂಟ್ ಪಡೆದ. ರಬ್ಬರಿನ ಅಂಟು ಚರ್ಮವನ್ನು ಕೆರಳಿಸುತ್ತಿತ್ತು. ಅದಕ್ಕೆ ಸತುವಿನ ಭಸ್ಮ, ಅಂದರೆ ಜಿಂಕ್ ಆಕ್ಸೈಡ್ ಬೆರೆಸಿದರೆ ಕೆರಳಿಕೆ ಕಡಿಮೆ ಎಂದು ಕಂಡುಕೊಂಡ ಮೇಲೆ, 1899ರಲ್ಲಿ ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಅಂಥ ಪ್ಲಾಸ್ಟರನ್ನು ಮಾರುಕಟ್ಟೆಗೆ ತಂದಿತು. 1901ರಲ್ಲಿ ಜರ್ಮನಿಯ ಲ್ಯೂಕೋಪ್ಲಾಸ್ಟ್ ಬಂತು. ನಮ್ಮ ಆಸ್ಪತ್ರೆಗಳ ಬಿಳಿ ಬಟ್ಟೆಯ, ಕಟುವಾಸನೆಯ ಪ್ಲಾಸ್ಟರ್ ಇದೇ ವಂಶದ್ದು. ಬೆರಳಿನಲ್ಲೇ ಹರಿಯಬಹುದು, ಬೆವರಿಗೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಇನ್ನೊಂದು ಪ್ಲಾಸ್ಟಿಕ್ ಕೊಳವೆ. ಅಮೆರಿಕದ ರಾಚೆಸ್ಟರಿನ ಮೇಯೋ ಕ್ಲಿನಿಕ್ಕಿನಲ್ಲಿ ಅರಿವಳಿಕೆ ಶಾಸ್ತ್ರ ಕಲಿಯುತ್ತಿದ್ದ ಡೇವಿಡ್ ಮಾಸ್ಸಾ 1950ರಲ್ಲಿ ಉಕ್ಕಿನ ಸೂಜಿಯ ಮೇಲೆ ಪ್ಲಾಸ್ಟಿಕ್ ಕೊಳವೆಯ ಒರೆ ತೊಡಿಸಿದ. ಚುಚ್ಚುವುದು ಉಕ್ಕು, ಒಳಗೆ ಉಳಿಯುವುದು ಮೆತ್ತಗಿನ ಕೊಳವೆ. ಉಕ್ಕನ್ನು ಎಳೆದು ಬಿಸಾಡಿದರೆ ರೋಗಿ ಕೈ ಆಡಿಸಬಹುದು, ಎದ್ದು ಓಡಾಡಬಹುದು, ತಾನೇ ಊಟ ಮಾಡಬಹುದು. ಸ್ವೀಡನ್ನಿನ ವಿಗ್ಗೋ ಕಂಪನಿ ಇದಕ್ಕೆ ಎರಡು ರೆಕ್ಕೆ, ಮೇಲೊಂದು ಮುಚ್ಚಳದ ಬಾಯಿ ಇಟ್ಟು 'ವೆನ್‌ಫ್ಲಾನ್' ಎಂದು ಮಾರಿತು. ಆ ಹೆಸರು ಇಂದು ಕಂಪನಿಯನ್ನು ಮೀರಿ ನಿಂತಿದೆ. ಯಾವ ಕಂಪನಿಯದಾದರೂ ಸರಿ, ನಮ್ಮ ಸಿಸ್ಟರುಗಳ ಬಾಯಲ್ಲಿ ಅದು ವೆನ್‌ಫ್ಲಾನೇ, ವನಸ್ಪತಿ ತುಪ್ಪವೆಲ್ಲ ಡಾಲ್ಡಾ ಆದ ಹಾಗೆ. ಬಣ್ಣ ನೋಡಿ ಅಳತೆ ತಿಳಿಯುತ್ತದೆ. ಹಸಿರು 18, ಗುಲಾಬಿ 20, ನೀಲಿ 22, ಮಕ್ಕಳ ಹಳದಿ 24. ಸಂಖ್ಯೆ ಏರಿದಷ್ಟೂ ಕೊಳವೆ ಸಣ್ಣದು.

ಆ ಎರಡು ರೆಕ್ಕೆಗಳೇ ಪ್ಲಾಸ್ಟರಿನ ಕಲೆಗೆ ಅಂಗಳವಾದವು. ಶುಶ್ರೂಷಾ ಪಠ್ಯಗಳು ಮೂರು ಬಗೆ ಕಲಿಸುತ್ತವೆ. ಮೊದಲನೆಯದರಲ್ಲಿ ಸಣ್ಣ ಪಟ್ಟಿಯನ್ನು ಅಂಟು ಮೇಲಾಗಿ ಕೊಳವೆಯಡಿಗೆ ತೂರಿಸಿ, ಎರಡು ತುದಿಗಳನ್ನೂ ರೆಕ್ಕೆಗಳ ಮೇಲೆ ಓರೆಯಾಗಿ ದಾಟಿಸುತ್ತಾರೆ. ಪೊಲೀಸ್ ಹವಾಲ್ದಾರರ ತೋಳಪಟ್ಟಿಯ ಆಕಾರ ಬರುತ್ತದೆ. ಎರಡನೆಯದರಲ್ಲಿ ಪ್ರತಿ ರೆಕ್ಕೆಯ ಮೇಲೆ ಒಂದು ಉದ್ದಪಟ್ಟಿ, ಮಧ್ಯೆ ಒಂದು ಅಡ್ಡಪಟ್ಟಿ. ಇಂಗ್ಲಿಷಿನ ಎಚ್ ಅಕ್ಷರ. ಮೂರನೆಯದು ಯು ಅಕ್ಷರ. ಇದು ಪುಸ್ತಕದ ಮಾತು. ವಾರ್ಡಿನಲ್ಲಿ ಪ್ರತಿಯೊಬ್ಬರೂ ತಮ್ಮದೊಂದು ತಿದ್ದುಪಡಿ ಸೇರಿಸಿರುತ್ತಾರೆ. ಅನುಭವಿಗಳು ಬಹುಮಟ್ಟಿಗೆ ಒಪ್ಪುವ ಒಂದು ಅಂಶವೆಂದರೆ, ಕೆಳಗೆ ಬರುವ ನಳಿಕೆಯನ್ನು ಒಮ್ಮೆ ಬಳೆಯಂತೆ ಸುತ್ತಿ ಕೈಗೆ ಪ್ರತ್ಯೇಕವಾಗಿ ಅಂಟಿಸಬೇಕು ಎಂಬುದು. ಯಾರಾದರೂ ನಳಿಕೆಗೆ ಎಡವಿದರೆ ಎಳೆತ ಮೊದಲು ಆ ಬಳೆಗೆ ಬೀಳುತ್ತದೆ, ಸೂಜಿಗಲ್ಲ. ಹಸುವಿನ ಹಗ್ಗಕ್ಕೆ ಸ್ವಲ್ಪ ಸಡಿಲ ಬಿಟ್ಟು ಗೂಟಕ್ಕೆ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಲದಿಂದ ನೇರ ಬಂದ ರೈತನ ಕೈ ಧೂಳು, ಬೆವರು, ರೋಮಗಳಿಂದ ಕೂಡಿರುತ್ತದೆ. ಅಲ್ಲಿ ನಾಜೂಕಿನ ಕಾಗದದ ಪಟ್ಟಿ ಒಂದು ಗಂಟೆಯೂ ನಿಲ್ಲದು. ಬಟ್ಟೆಯ ಪ್ಲಾಸ್ಟರೇ ಬೇಕು. ಎಂಬತ್ತರ ಅಜ್ಜಿಯ ಚರ್ಮ ಈರುಳ್ಳಿ ಸಿಪ್ಪೆಯಂತಿರುತ್ತದೆ. ಅದೇ ಬಟ್ಟೆಯ ಪ್ಲಾಸ್ಟರ್ ತೆಗೆಯುವಾಗ ಚರ್ಮವನ್ನೂ ಜೊತೆಗೆ ಎಬ್ಬಿಸಿಕೊಂಡು ಬರುತ್ತದೆ. ಆಕೆಗೆ 1960ರ ಸುಮಾರಿಗೆ ಬಂದ ಮೈಕ್ರೋಪೋರಿನಂಥ ಕಾಗದದ ಪಟ್ಟಿಯೇ ಲೇಸು. ಮಕ್ಕಳಿಗೆ ಹಿಗ್ಗುವ ಡೈನಾಪ್ಲಾಸ್ಟ್, ಕೆಳಗೆ ರಟ್ಟು. ಕೈಗವಸು ತೊಟ್ಟಾಗ ಪಟ್ಟಿ ರೋಗಿಗಿಂತ ಮೊದಲು ಗವಸಿಗೇ ಅಂಟುತ್ತದೆ, ಬಿಡಿಸಲು ಹೋದರೆ ಗವಸು ಹರಿಯುತ್ತದೆ. ಹೀಗಾಗಿ ಮುಂಚೆಯೇ ಪಟ್ಟಿಗಳನ್ನು ಹರಿದು ಮಂಚದ ಸರಳಿಗೋ, ಸ್ಟ್ಯಾಂಡಿಗೋ, ತಟ್ಟೆಯ ಅಂಚಿಗೋ ಸಾಲಾಗಿ ಅಂಟಿಸಿಟ್ಟುಕೊಳ್ಳುವುದು ಎಲ್ಲೆಡೆ ಇರುವ ಅಭ್ಯಾಸ. ಸರಳಿನ ಮೇಲಿನ ರೋಗಾಣು ಪಟ್ಟಿಯ ಜೊತೆ ಗಾಯದ ಬಾಯಿಗೆ ಬರುತ್ತದೆ ಎಂದು ಸೋಂಕು ತಡೆಯುವವರು ಆಕ್ಷೇಪಿಸುತ್ತಾರೆ. ಅವರ ಮಾತು ಸರಿ. ಆದರೆ ಒಂದು ಕೈಯಲ್ಲಿ ವೆನ್‌ಫ್ಲಾನ್ ಅದುಮಿ ಹಿಡಿದು, ರಾತ್ರಿಪಾಳಿಯಲ್ಲಿ ಒಬ್ಬಳೇ ಇರುವ ಸಿಸ್ಟರ್ ಇನ್ನೊಂದೇ ಕೈಯಲ್ಲಿ ಸುರುಳಿಯಿಂದ ಪಟ್ಟಿ ಹರಿಯುವುದು ಹೇಗೆ ಎಂಬುದಕ್ಕೂ ಅವರು ಉತ್ತರ ಕೊಡಬೇಕು.

ಬಿಗಿಯಾಗಿ ಹಿಡಿಯಬೇಕೋ, ಒಳಗಿನದು ಕಾಣುವಂತಿರಬೇಕೋ ಎಂಬ ವಾದ ಎದ್ದದ್ದು ಪಾರದರ್ಶಕ ಹಾಳೆ ಬಂದ ಮೇಲೆ. 1980ರ ದಶಕದಲ್ಲಿ ಟೆಗಾಡರ್ಮ್‌ನಂಥ ತೆಳು ಪಾಲಿಯುರೆಥೇನ್ ಹಾಳೆಗಳು ಬಳಕೆಗೆ ಬಂದವು. ಅವುಗಳ ಮೂಲಕ ಸೂಜಿಯ ಬಾಯಿ ಕಾಣುತ್ತದೆ. ಕೆಂಪಾಗಿದೆಯೇ, ಊದಿದೆಯೇ, ಸಿರೆ ಹಗ್ಗದಂತೆ ಗಟ್ಟಿಯಾಗಿದೆಯೇ ಎಂದು ಬಿಚ್ಚದೆಯೇ ನೋಡಬಹುದು. ಬಿಳಿ ಪ್ಲಾಸ್ಟರನ್ನು ಮೂರು ಸುತ್ತು ಸುತ್ತಿದರೆ ಒಳಗಿನದು ದೇವರಿಗೇ ಗೊತ್ತು. ರೋಗಿ 'ಉರೀತದೆ ಸಿಸ್ಟ್ರೇ' ಎಂದಾಗಲೇ ತಿಳಿಯುವುದು. ಈ ಉರಿಯೂತವನ್ನು ಅಳೆಯಲು ಇಂಗ್ಲೆಂಡಿನ ರಾದರ್‌ಹ್ಯಾಮಿನ ಶುಶ್ರೂಷಕ ಆಂಡ್ರ್ಯೂ ಜಾಕ್ಸನ್ 1998ರಲ್ಲಿ ಪ್ರಕಟಿಸಿದ ಸೊನ್ನೆಯಿಂದ ಐದರವರೆಗಿನ ಅಂಕಪಟ್ಟಿ ನಮ್ಮ ನರ್ಸಿಂಗ್ ಕಾಲೇಜುಗಳಲ್ಲೂ ಪರಿಚಿತ. ಅಂಕ ಹಾಕಬೇಕಾದರೆ ಮೊದಲು ಕಾಣಬೇಕು.

ಹಾಳೆಗೂ ದೋಷವಿದೆ. ಬೆವರಿದರೆ ಅಂಚು ಸುರುಳಿಯೇಳುತ್ತದೆ, ಅಡಿಯಲ್ಲಿ ರಕ್ತ ಜಿನುಗಿದರೆ ಜಾರುತ್ತದೆ, ಬೆಲೆಯೂ ಪ್ಲಾಸ್ಟರಿನ ತುಂಡಿಗಿಂತ ಹೆಚ್ಚು. ಹಾಗಾಗಿ ಬಹಳ ಕಡೆ ನಡೆದಿರುವುದು ರಾಜಿ. ಬಾಯಿಯ ಮೇಲೆ ಹಾಳೆ, ರೆಕ್ಕೆ ಮತ್ತು ನಳಿಕೆಗೆ ಪ್ಲಾಸ್ಟರ್.

ವಿಜ್ಞಾನ ಏನನ್ನುತ್ತದೆ? ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಕ್ಲೇರ್ ರಿಕರ್ಡ್ ಎಂಬ ಶುಶ್ರೂಷಾ ಪ್ರಾಧ್ಯಾಪಕಿ ಮತ್ತು ಸಂಗಡಿಗರು ಈ ಸಣ್ಣ ಪ್ರಶ್ನೆಯನ್ನೇ ದೊಡ್ಡದಾಗಿ ಕೇಳಿದರು. ಮೂರು ದಿನಕ್ಕೊಮ್ಮೆ ಸೂಜಿ ಬದಲಿಸಲೇಬೇಕು ಎಂಬುದು ಆಗ ಬಹುತೇಕ ಆಸ್ಪತ್ರೆಗಳ ಕಟ್ಟಳೆ. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ ಅವರ 2012ರ ಅಧ್ಯಯನದಲ್ಲಿ ಕಟ್ಟಳೆಯಂತೆ ಬದಲಿಸಿದವರಲ್ಲೂ, ತೊಂದರೆ ಕಂಡಾಗ ಮಾತ್ರ ಬದಲಿಸಿದವರಲ್ಲೂ ಉರಿಯೂತ ಒಂದೇ ಸಮ, ಶೇ 7. ಸರಿಯಾಗಿ ನಿಂತ ಸೂಜಿಯನ್ನು ಕ್ಯಾಲೆಂಡರ್ ನೋಡಿ ಕೀಳಬೇಕಾಗಿಲ್ಲ ಎಂದಾಯಿತು. ಆಗ ನಿಲ್ಲಿಸುವ ವಿಧಾನಕ್ಕೆ ಇನ್ನೂ ಬೆಲೆ ಬಂತು. 2018ರಲ್ಲಿ ಅದೇ ತಂಡ 1,800ರಷ್ಟು ರೋಗಿಗಳಲ್ಲಿ ನಾಲ್ಕು ಬಗೆಯ ಬಂಧನಗಳನ್ನು ಹೋಲಿಸಿತು: ಸಾದಾ ಪಾರದರ್ಶಕ ಹಾಳೆ, ಅಂಚುಪಟ್ಟಿಯಿರುವ ಹಾಳೆ, ಪ್ಲಾಸ್ಟಿಕ್ ಹಿಡಿಕೆ, ಚರ್ಮಕ್ಕೆ ಹಚ್ಚುವ ವೈದ್ಯಕೀಯ ಅಂಟು. ನಾಲ್ಕರಲ್ಲೂ ಶೇ 40ರ ಆಸುಪಾಸಿನ ಸೂಜಿಗಳು ಅವಧಿಗೆ ಮುನ್ನವೇ ಕೆಟ್ಟವು. ದುಬಾರಿಯದು ಗೆದ್ದಿತೆಂದು ಹೇಳುವಷ್ಟು ಅಂತರ ಕಾಣಲಿಲ್ಲ. ಸಿರಿವಂತ ದೇಶದ ಸುಸಜ್ಜಿತ ಆಸ್ಪತ್ರೆಯಲ್ಲೇ ಹತ್ತರಲ್ಲಿ ನಾಲ್ಕು ಎಂದ ಮೇಲೆ, ರಟ್ಟು ಕತ್ತರಿಸಿ ಹಲಗೆ ಮಾಡುವ ನಮ್ಮ ಸಿಸ್ಟರುಗಳನ್ನು ಬೈಯುವ ಮುನ್ನ ಸ್ವಲ್ಪ ತಡೆಯಬೇಕು.

ಸೂಜಿ ಕಿತ್ತರೆ ಮತ್ತೊಂದು ಚುಚ್ಚಿದರಾಯಿತು ಎನ್ನಬಹುದು. ಕೆಲವು ವೇಳೆ ಆ 'ಮತ್ತೊಂದು' ಇರುವುದಿಲ್ಲ. 2018ರ ಡಿಸೆಂಬರ್ 14ರಂದು ಹನೂರು ಬಳಿಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಕ್ರಿಮಿನಾಶಕ ಬೆರೆಸಿದ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದ್ದು, 17 ಮಂದಿ ಸತ್ತದ್ದು ಈ ಜಿಲ್ಲೆ ಮರೆಯುವಂಥದಲ್ಲ. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ, ಕೊಳ್ಳೇಗಾಲಕ್ಕೆ ಒಯ್ದವರನ್ನು ಅಲ್ಲಿಂದ ಮೈಸೂರಿಗೆ ಸಾಲುಸಾಲು ಆಂಬುಲೆನ್ಸುಗಳಲ್ಲಿ ಸಾಗಿಸಲಾಯಿತು. ಇಂಥ ವಿಷಕ್ಕೆ ಅಟ್ರೋಪಿನ್ ಮದ್ದು. ಅದನ್ನು ನಿಮಿಷಗಳ ಅಂತರದಲ್ಲಿ ಸಿರೆಯ ಮೂಲಕ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ವಿಷದಿಂದ ಮೈಯೆಲ್ಲ ಬೆವರಿ ತೊಯ್ದಿರುತ್ತದೆ, ಅಂದರೆ ಯಾವ ಅಂಟೂ ಹಿಡಿಯದು. ಮದ್ದು ಏರಿದಂತೆ ರೋಗಿ ಬುದ್ಧಿ ಕದಡಿ ಕೈಕಾಲು ಬಡಿಯುತ್ತಾನೆ, ಕೈಗೆ ಸಿಕ್ಕಿದ್ದನ್ನೆಲ್ಲ ಕೀಳುತ್ತಾನೆ. ಇಂಥ ಸಂದರ್ಭದಲ್ಲಿ ಅನುಭವಿ ಸಿಸ್ಟರ್ ಎರಡು ಕೈಗಳಲ್ಲೂ ಒಂದೊಂದು ದಾರಿ ಮಾಡಿ, ಚರ್ಮ ಒರೆಸಿ ಒಣಗಿಸಿ, ಹಾಳೆಯನ್ನೆಲ್ಲ ಬದಿಗಿಟ್ಟು, ಪ್ಲಾಸ್ಟರ್ ಹಾಕಿ ಅದರ ಮೇಲೆ ರೋಲರ್ ಬ್ಯಾಂಡೇಜ್ ಸುತ್ತುತ್ತಾರೆ. ಇಲ್ಲಿ ಕಾಣುವುದಕ್ಕಿಂತ ಹಿಡಿಯುವುದೇ ಮುಖ್ಯ.

ದೂರವೂ ಲೆಕ್ಕಕ್ಕೆ ಬರುತ್ತದೆ. ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಮೈಸೂರಿಗೆ ಸುಮಾರು 60 ಕಿಲೋಮೀಟರು. ಮಲೆ ಮಹದೇಶ್ವರ ಬೆಟ್ಟದ ಕಡೆಯಿಂದ ಅದರ ಎರಡು ಪಟ್ಟಿಗೂ ಹೆಚ್ಚು, ಅದರಲ್ಲಿ ಬೆಟ್ಟದ ತಿರುವುಗಳೇ ಎಷ್ಟೋ. ಬಂಡೀಪುರದ ಕಾಡಿನ ರಸ್ತೆಯಲ್ಲಿ ಪ್ರಾಣಿಗಳಿಗಾಗಿ ಹಾಕಿದ ಉಬ್ಬುಗಳಿವೆ. ವಯನಾಡಿನ ಕಡೆಯಿಂದ ಮೈಸೂರಿಗೆ ಹೋಗುವ ರೋಗಿಗಳೂ ಆ ದಾರಿಯಲ್ಲಿ ಗುಂಡ್ಲುಪೇಟೆ ಹಾದೇ ಹೋಗಬೇಕು. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಆರಂಭವಾದ ಮೇಲೆ ದಾರಿಯಲ್ಲೇ ಡ್ರಿಪ್ ಹಾಕುವುದು ಸಾಧ್ಯವಾಯಿತು. ಆದರೆ ಕುಲುಕುವ ಗಾಡಿಯಲ್ಲಿ, ಹಾವು ಕಚ್ಚಿ ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿರುವವನಿಗೆ ಸೂಜಿ ಜಾರಿದರೆ ಎರಡನೆಯ ಸಲ ಚುಚ್ಚಿದ ಕಡೆಯೆಲ್ಲ ರಕ್ತ ಒಸರುತ್ತದೆ. ಹಾಗಾಗಿ ಮೈಸೂರಿಗೆ ಕಳಿಸುವ ಕೈಗೆ ತಾಲ್ಲೂಕು ಆಸ್ಪತ್ರೆಯ ಸಿಸ್ಟರ್ ಒಂದು ಪಟ್ಟಿ ಹೆಚ್ಚೇ ಹಾಕಿರುತ್ತಾರೆ. ಮೈಸೂರಿನ ಕಿರಿಯ ವೈದ್ಯರು ಅದನ್ನು ಬಿಚ್ಚುತ್ತಾ ಗೊಣಗುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಕಡೆ ಹಾಕುವ ಡ್ರಿಪ್‌ಗಳಲ್ಲಿ ಎಷ್ಟೋ ಬೇಕಾಗಿಯೇ ಇರುವುದಿಲ್ಲ. ಚೆಂಡುಹೂವಿನ ಕೊಯ್ಲೋ, ಅರಿಸಿನದ ಕೆಲಸವೋ ಮುಗಿಸಿ ಮೈ ಸೋತವರು ಕ್ಲಿನಿಕ್ಕಿಗೆ ಬಂದು 'ಒಂದ್ ಬಾಟ್ಲಿ ಏರ್ಸಿ ಬುಡವ್ವ' ಎನ್ನುತ್ತಾರೆ. ಬಾಟಲಿ ಏರಿಸದ ವೈದ್ಯನಿಗೆ ಹೆಸರಿಲ್ಲ. ಅರ್ಧ ಲೀಟರ್ ಗ್ಲೂಕೋಸ್ ನೀರಿನಲ್ಲಿರುವುದು ಸುಮಾರು 25 ಗ್ರಾಂ ಸಕ್ಕರೆ, ಎರಡು ಲೋಟ ಪಾನಕದಷ್ಟು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಸಿರೆಗೆ ಕೊಡುವ ದ್ರವ ಮುಗಿದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಬಾಯಿಂದಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಲಟ್ಟಾನ ಬೆಳ್ಳಿ ಕೊಳವೆಯಿಂದ ಶುರುವಾದ ಕಥೆಗೆ ಇದೊಂದು ವಿಚಿತ್ರ ತಿರುವು. ನೀರು ಕುಡಿಯಬಲ್ಲವನಿಗೆ ಸೂಜಿಯೂ ಬೇಡ, ಪ್ಲಾಸ್ಟರೂ ಬೇಡ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಂಥ ಕಡೆ ತರಬೇತಾದ ಸೋಲಿಗ ದಾದಿಯರು ಹಾಡಿಗಳಲ್ಲಿ ಹೇಳಿಕೊಡಬೇಕಾದ ಮೊದಲ ಪಾಠಗಳಲ್ಲಿ ಇದೂ ಒಂದು.

ನಿಜವಾಗಿಯೂ ಬೇಕಾದವನಿಗೆ ಹಾಕಿದ ಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ತಾರೀಖು, ವೇಳೆ ಬರೆದಿರುತ್ತದೆ. ಮನೆಗೆ ಹೋಗುವ ದಿನ ಅದನ್ನು ತೆಗೆಯುವುದಕ್ಕೂ ಒಂದು ರೀತಿಯಿದೆ. ಸ್ಪಿರಿಟ್ಟಿನಲ್ಲೋ ಕೊಬ್ಬರಿ ಎಣ್ಣೆಯಲ್ಲೋ ಅಂಚು ನೆನೆಸಿ, ಚರ್ಮವನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ರೋಮ ಬೆಳೆದ ದಿಕ್ಕಿನಲ್ಲಿ ನಿಧಾನವಾಗಿ ಬಿಡಿಸುತ್ತಾರೆ. ಕೊಳವೆ ಹೊರಬಂದ ಕೂಡಲೆ ಹತ್ತಿ ಒತ್ತಿ, 'ಎರಡು ನಿಮಿಷ ಹೀಗೇ ಅಮುಕಿಕೊಂಡಿರಿ, ಕೈ ಮಡಚಬೇಡಿ' ಎಂದು ಸಿಸ್ಟರ್ ಮುಂದಿನ ಮಂಚಕ್ಕೆ ಹೋಗುತ್ತಾರೆ. ಅರ್ಧ ನಿಮಿಷಕ್ಕೆ ಹತ್ತಿ ಎತ್ತಿ ಇಣುಕಿ ನೋಡುವವರೇ ಹೆಚ್ಚು. ಮರುದಿನ ಮುಂಗೈ ಮೇಲೆ ನೇರಳೆ ಬಣ್ಣದ ಕಲೆ ಮೂಡುವುದು ಅದಕ್ಕೇ.